ನಿಂತ ಕಾರು ತನ್ನಷ್ಟಕ್ಕೇ ರೇಸ್ ಆಗುತ್ತಿದೆಯೇ? ಡೈನಮೋ ಕಡೆ ಒಮ್ಮೆ ನೋಡಿ

ನಮ್ಮದು ಸುಳ್ಯ ತಾಲೂಕಿನ ಒಳಗಿನ ಊರು. ಮುಖ್ಯ ರಸ್ತೆಯಿಂದ ಆರು ಕಿಲೋಮೀಟರ್ ಮಣ್ಣು ಮಾರ್ಗ, ನಡುವೆ ಎರಡು ತೋಡು. ಎರಡೂವರೆ ಎಕರೆ ಅಡಿಕೆ ತೋಟದ ಆದಾಯದಲ್ಲಿ ಹೊಸ ಕಾರು ಕೊಳ್ಳುವಷ್ಟು ಗಟ್ಟಿ ನಾನಲ್ಲ. ಹಾಗಾಗಿ 2008ರ ಮಾಡೆಲಿನ ಒಂದು ಸಣ್ಣ ಪೆಟ್ರೋಲ್ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಸೊಸೈಟಿಗೆ ಅಡಿಕೆ ಚೀಲ ಒಯ್ಯುವುದರಿಂದ ಹಿಡಿದು ಮದುವೆ ಮುಂಜಿಗೆ ಹೋಗುವವರೆಗೆ ಎಲ್ಲಾ ಅದರಲ್ಲೇ.

2019ರ ಮಳೆಗಾಲದಲ್ಲಿ ಈ ಕಾರಿಗೆ ಒಂದು ವಿಚಿತ್ರ ಅಭ್ಯಾಸ ಶುರುವಾಯಿತು. ಹಗಲು ಸರಿಯಾಗಿಯೇ ಇರುತ್ತದೆ. ಸಂಜೆ ಮಳೆ ಹೊಯ್ಯುವಾಗ ಲೈಟು, ವೈಪರ್ ಹಾಕಿ ಪೇಟೆಯಲ್ಲಿ ಎಲ್ಲಾದರೂ ನಿಲ್ಲಿಸಿದರೆ ಆಕ್ಸಿಲರೇಟರ್ ಮುಟ್ಟದೆಯೇ ಇಂಜಿನ್ ಗುಂಯ್ ಎಂದು ಏರುತ್ತದೆ. ಯಾರೋ ಕಾಲಿಟ್ಟು ಒತ್ತಿದ ಹಾಗೆ. ಸ್ವಲ್ಪ ಹೊತ್ತು ಹಾಗೇ ಇದ್ದು ಮತ್ತೆ ಇಳಿಯುತ್ತದೆ, ಮತ್ತೆ ಏರುತ್ತದೆ. ತೋಡಿನ ಇಳಿಜಾರಿನಲ್ಲಿ ಮೊದಲ ಗೇರಿನಲ್ಲಿ ನಿಧಾನ ಇಳಿಸುವಾಗ ಕಾರು ಮುಂದೆ ದೂಡುತ್ತಿತ್ತು. ಬ್ರೇಕು ಹೆಚ್ಚು ಒತ್ತಬೇಕಾಗುತ್ತಿತ್ತು. ಪೆಟ್ರೋಲೂ ಜಾಸ್ತಿ ಕುಡಿಯಲಿಕ್ಕೆ ಹಿಡಿಯಿತು.

ಮೂರು ಗ್ಯಾರೇಜು ಸುತ್ತಿದೆ. ಮೊದಲನೆಯವರು ತ್ರಾಟಲ್ ಬಾಡಿ ಬಿಚ್ಚಿ ತೊಳೆದು 600 ರೂಪಾಯಿ ತಗೊಂಡರು. ಎರಡು ದಿನ ಸರಿ ಇದ್ದ ಹಾಗೆ ಕಂಡಿತು (ಆ ಎರಡು ದಿನ ಮಳೆ ಇರಲಿಲ್ಲ ಎಂಬುದು ಆಮೇಲೆ ಹೊಳೆದದ್ದು). ಎರಡನೆಯವರು ಐಡ್ಲಿಂಗ್ ವಾಲ್ವ್ ಹೋಗಿದೆ ಎಂದು ಹೊಸತು ಹಾಕಿದರು, 2,800. ಏನೂ ವ್ಯತ್ಯಾಸ ಇಲ್ಲ. ಮೂರನೆಯವರು ಸ್ಕ್ಯಾನರ್ ಹಾಕಿ ನೋಡಿದರು. ತಪ್ಪು ಎಂದು ಯಾವುದೂ ತೋರಿಸಲಿಲ್ಲ. "ಹಾಗಾದರೆ ಕಂಪ್ಯೂಟರೇ ಹೋಗಿರಬೇಕು ಮಾರಾಯ್ರೆ, ಹದಿನೈದು ಸಾವಿರ ಆಗ್ತದೆ" ಎಂದರು. ಆ ಸ್ಕ್ಯಾನರಿನ ಪರದೆಯ ಒಂದು ಮೂಲೆಯಲ್ಲಿ ಬ್ಯಾಟರಿ ವೋಲ್ಟೇಜ್ 12.3 ಎಂದು ಬರೆದಿತ್ತು. ಇಂಜಿನ್ ಓಡುತ್ತಿರುವಾಗ! ಅವರೂ ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ, ನಾನೂ ತಗೊಳ್ಳಲಿಲ್ಲ. ನನಗೆ ಆಗ ಅದರ ಅರ್ಥವೇ ಗೊತ್ತಿರಲಿಲ್ಲ.

ಅಡಿಕೆ ಕೊಟ್ಟ ದುಡ್ಡು ಬಂದ ಮೇಲೆ ಕಂಪ್ಯೂಟರ್ ಹಾಕಿಸುವ ಎಂದುಕೊಂಡು ಹಾಗೇ ಓಡಿಸುತ್ತಿದ್ದೆ.

ಒಂದು ರಾತ್ರಿ

ಜುಲೈ ಕೊನೆಯ ವಾರ. ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಎದೆ ಒತ್ತಿದ ಹಾಗೆ ಆಗಿ ಬೆವರತೊಡಗಿತು. ಕೂಡಲೇ ಹೊರಟೆವು. ಧೋ ಎಂದು ಮಳೆ. ಲೈಟು, ವೈಪರ್, ಗಾಜು ಮಂಜಾಗದಂತೆ ಬ್ಲೋವರ್ ಎಲ್ಲಾ ಹಾಕಿದ್ದೆ. ಎರಡನೇ ತೋಡು ದಾಟಿ ತಮ್ಮನ ಮನೆ ಹತ್ತಿರ ಅವನನ್ನು ಹತ್ತಿಸಿಕೊಳ್ಳಲು ನಿಲ್ಲಿಸಿದೆ. ಇಂಜಿನ್ ಎಂದಿನಂತೆ ರೇಸ್ ಆಯಿತು, ಮತ್ತೆ ಇಳಿಯಿತು, ಲೈಟು ಕೆಂಪಗಾಯಿತು, ಇಂಜಿನ್ ನಿಂತೇ ಹೋಯಿತು. ಸೆಲ್ಫ್ ಹೊಡೆದರೆ ಟಕ್ ಟಕ್ ಶಬ್ದ ಮಾತ್ರ. ಇಬ್ಬರು ಸೇರಿ ದೂಡಿದೆವು, ಸ್ಟಾರ್ಟ್ ಆಗಲಿಲ್ಲ. ನಮ್ಮ ಹಳೆ ಜೀಪು ಆಗಿದ್ದರೆ ಇಳಿಜಾರಿನಲ್ಲಿ ಬಿಟ್ಟರೆ ಸಾಕಿತ್ತು. ಈ ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪಂಪೂ ಕರೆಂಟಿನದ್ದು, ಇಂಜೆಕ್ಟರೂ ಕರೆಂಟಿನದ್ದು, ಕಂಪ್ಯೂಟರಂತೂ ಕರೆಂಟಿಲ್ಲದೆ ಕಣ್ಣೇ ಬಿಡುವುದಿಲ್ಲ. ಬ್ಯಾಟರಿ ಪೂರಾ ಖಾಲಿಯಾದರೆ ದೂಡಿ ಪ್ರಯೋಜನ ಇಲ್ಲ.

ನೆರೆಕರೆಯವರ ಜೀಪು ಬಂದು ಆಸ್ಪತ್ರೆ ಮುಟ್ಟುವಾಗ ಮುಕ್ಕಾಲು ಗಂಟೆ ತಡ. ದೇವರು ದೊಡ್ಡವನು, ಅಮ್ಮ ಈಗ ಆರಾಮವಾಗಿದ್ದಾರೆ. ಆದರೆ ಆ ಮುಕ್ಕಾಲು ಗಂಟೆ ನಾನು ಮರೆಯುವ ಹಾಗಿಲ್ಲ. ಯಾಕೆಂದರೆ ಕಾರು ನನಗೆ ಮೂರು ವಾರದಿಂದ ಹೇಳುತ್ತಲೇ ಇತ್ತು.

ಪಂಪ್ ರಿಪೇರಿಯವರು ಕಂಡದ್ದು

ನಮ್ಮೂರಿನಲ್ಲಿ ಪಂಪಿನ ಮೋಟರು ವೈಂಡಿಂಗ್ ಮಾಡುವ ಒಬ್ಬರು ಇದ್ದಾರೆ. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣ ಎಂದೇ ಕರೆಯುವುದು. ಮರುದಿನ ಸಂಜೆ ವಿಚಾರಿಸಲು ಬಂದವರು ಕಥೆ ಎಲ್ಲಾ ಕೇಳಿ, "ರಾತ್ರಿ ಮಾತ್ರ ರೇಸ್ ಆಗುದಾ? ಲೈಟ್ ಹಾಕಿದ ಮೇಲೆ?" ಎಂದರು. ಹೌದು ಎಂದೆ. "ಹಾಗಾದ್ರೆ ಇಂಜಿನಿಗೆ ಎಂತದೂ ಆಗಿಲ್ಲ. ಅದು ಬ್ಯಾಟರಿ ತುಂಬಿಸ್ಲಿಕ್ಕೆ ಓಡ್ತಾ ಉಂಟು" ಎಂದು ಚೀಲದಿಂದ ಮೀಟರ್ ತೆಗೆದರು.

ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದಿದ್ದೆ. ಕಾರು ಸ್ಟಾರ್ಟ್ ಮಾಡಿ ಬ್ಯಾಟರಿಯ ಎರಡು ಟರ್ಮಿನಲಿಗೆ ಮೀಟರ್ ಹಿಡಿದರು. 13.4. ಹೆಡ್‌ಲೈಟ್ ಹಾಕಲು ಹೇಳಿದರು, 12.7. ಬ್ಲೋವರ್, ವೈಪರ್ ಹಾಕಿದಾಗ 12.2. ಅರ್ಧ ನಿಮಿಷದಲ್ಲಿ ಇಂಜಿನ್ ತನ್ನಷ್ಟಕ್ಕೇ ಏರಿತು. ಮೀಟರೂ 12.9ಕ್ಕೆ ಏರಿತು. ಲೈಟು, ಬ್ಲೋವರ್ ಎಲ್ಲಾ ಬಂದ್ ಮಾಡಿದರೆ ಇಂಜಿನ್ ಮೆಲ್ಲ ಇಳಿದು ತಣ್ಣಗಾಯಿತು. ಮೂರು ಗ್ಯಾರೇಜಿನಲ್ಲಿ ಸಿಗದ ಉತ್ತರ ನಮ್ಮ ಅಂಗಳದಲ್ಲಿ ಹತ್ತು ನಿಮಿಷದಲ್ಲಿ ಸಿಕ್ಕಿತು.

ಅವರು ವಿವರಿಸಿದ್ದನ್ನೂ, ಆಮೇಲೆ ನಾನು ಕೇಳಿ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಟ್ಯಾಂಕು, ಪಂಪು, ತೇಲುವ ಚೆಂಡು

ಕಾರಿನ ಬ್ಯಾಟರಿ ಎಂದರೆ ಗುಡ್ಡದ ಮೇಲಿನ ನೀರಿನ ಟ್ಯಾಂಕು ಎಂದು ತಿಳಿಯಿರಿ. ಡೈನಮೋ (ಈಗಿನದ್ದಕ್ಕೆ ಆಲ್ಟರ್ನೇಟರ್ ಎಂಬುದೇ ಸರಿಯಾದ ಹೆಸರು, ನಮ್ಮ ಬಾಯಿಯಲ್ಲಿ ಡೈನಮೋ) ಅದಕ್ಕೆ ನೀರು ಹತ್ತಿಸುವ ಪಂಪು. ಡೈನಮೋದ ಒಳಗೇ ಇರುವ ರೆಗ್ಯುಲೇಟರ್, ಹಳೆ ಮೆಕ್ಯಾನಿಕ್‌ಗಳು ಕಟೌಟ್ ಎನ್ನುವುದು, ಟ್ಯಾಂಕಿನ ತೇಲುವ ಚೆಂಡು. ತುಂಬಿದರೆ ಕಡಿಮೆ ಮಾಡುತ್ತದೆ, ಇಳಿದರೆ ಹೆಚ್ಚು ಬಿಡುತ್ತದೆ. ಲೈಟು, ವೈಪರ್, ಬ್ಲೋವರ್ ಎಲ್ಲಾ ತೋಟದ ಸ್ಪ್ರಿಂಕ್ಲರುಗಳು.

ಪಂಪು ಬರುವುದಕ್ಕಿಂತ ಹೆಚ್ಚು ನೀರು ಸ್ಪ್ರಿಂಕ್ಲರಿಗೆ ಹೋದರೆ ಟ್ಯಾಂಕು ಇಳಿಯುತ್ತಾ ಬರುತ್ತದೆ. ನಮ್ಮ ಕರೆಂಟಿನ ಪಂಪಿನ ವೇಗವನ್ನು ನಾವು ಹೆಚ್ಚಿಸುವ ಹಾಗಿಲ್ಲ. ಆದರೆ ಕಾರಿನ ಡೈನಮೋ ತಿರುಗುವುದು ಇಂಜಿನಿನ ಬೆಲ್ಟಿನಲ್ಲಿ. ಇಂಜಿನ್ ವೇಗ ಹೆಚ್ಚಿದರೆ ಡೈನಮೋ ವೇಗ ಹೆಚ್ಚುತ್ತದೆ, ಹುಟ್ಟುವ ಕರೆಂಟೂ ಹೆಚ್ಚುತ್ತದೆ.

ಇಲ್ಲಿ ಲೆಕ್ಕ ಸ್ವಲ್ಪ ನೋಡಬೇಕು. ನಿಂತಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಡೈನಮೋದ ಪುಲ್ಲಿ ಸಣ್ಣದು, ಆದ್ದರಿಂದ ಅದು ಎರಡು ಎರಡೂವರೆ ಪಾಲು ವೇಗವಾಗಿ, ಸುಮಾರು 2,000 ಸುತ್ತು ತಿರುಗುತ್ತದೆ. ಆದರೆ ಡೈನಮೋದ ಮೇಲೆ ಬರೆದ ಪೂರ್ತಿ ಆಂಪಿಯರ್ ಸಿಗಬೇಕಾದರೆ ಅದು ಐದಾರು ಸಾವಿರ ಸುತ್ತು ತಿರುಗಬೇಕು. 50 ಆಂಪಿಯರಿನ ಡೈನಮೋ ಎಂದರೂ ನಿಂತಲ್ಲಿ ಅದರ ಅರ್ಧ ಸಿಕ್ಕಿದರೆ ಹೆಚ್ಚು.

ಇನ್ನು ಖರ್ಚು. ಎರಡು ಹೆಡ್‌ಲೈಟ್ ಸೇರಿ 110-120 ವ್ಯಾಟ್, ಅಂದರೆ 9 ಆಂಪಿಯರ್. ಹಿಂದಿನ ಮುಂದಿನ ಸಣ್ಣ ಲೈಟು 2. ವೈಪರ್ 4. ಬ್ಲೋವರ್ ಜೋರಾಗಿ ಇಟ್ಟರೆ 8. ಪೆಟ್ರೋಲ್ ಪಂಪ್ 4. ಸ್ಪಾರ್ಕ್, ಇಂಜೆಕ್ಟರ್, ಕಂಪ್ಯೂಟರಿಗೆಲ್ಲ 5. ಒಟ್ಟು 32. ಅಂದಾಜು ಲೆಕ್ಕ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ನಡುವೆ ರೇಡಿಯೇಟರ್ ಫ್ಯಾನ್ ತಿರುಗಿತೋ, ಇನ್ನೂ 8 ಸೇರಿಸಿ. ಹೀಗಿರುವಾಗ ಸರಿ ಇರುವ ಡೈನಮೋ ಕೂಡ ಮಳೆಗಾಲದ ರಾತ್ರಿ ನಿಂತಲ್ಲಿ ಏದುಸಿರು ಬಿಡುತ್ತದೆ. ಅರ್ಧ ಸತ್ತದ್ದರ ಗತಿ ಏನು? ಹಗಲು ಲೈಟು, ವೈಪರ್ ಇಲ್ಲದಾಗ 10 ಆಂಪಿಯರ್ ಸಾಕು, ಅರ್ಧ ಸತ್ತ ಡೈನಮೋ ಅದನ್ನು ಹೇಗೋ ಕೊಡುತ್ತದೆ. ಹಗಲು ನನ್ನ ಕಾರು ಸಾಧುವಾಗಿ ಇರುತ್ತಿದ್ದದ್ದು ಇದೇ ಕಾರಣಕ್ಕೆ.

ವೇಗ ಹೆಚ್ಚಿಸುವವರು ಯಾರು?

ಇದು ನನಗೆ ಮೊದಲಿಗೆ ತಲೆಗೆ ಹೋಗದ ಜಾಗ. ಡೈನಮೋ ಮೇಲೆ ಭಾರ ಬಿದ್ದರೆ ಇಂಜಿನ್ ಇಳಿಯಬೇಕಲ್ಲ, ಏರುವುದು ಹೇಗೆ?

ನಿಜ, ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಇಳಿಯುವುದೇ. 32 ಆಂಪಿಯರನ್ನು 14 ವೋಲ್ಟಿನಿಂದ ಗುಣಿಸಿದರೆ ಸುಮಾರು 450 ವ್ಯಾಟ್. ಡೈನಮೋದಲ್ಲಿ ಅರ್ಧದಷ್ಟು ಬಿಸಿಯಾಗಿ ಹೋಗುವುದರಿಂದ ಇಂಜಿನಿನಿಂದ ಎಳೆಯುವುದು 900 ವ್ಯಾಟ್, ಅಂದರೆ ಒಂದು ಎಚ್‌ಪಿಗಿಂತ ಜಾಸ್ತಿ. ಬೆಲ್ಟಿನ ತುದಿಗೆ ಒಂದು ಎಚ್‌ಪಿಯ ಕೆಲಸ ಕಟ್ಟಿದ ಹಾಗಾಯಿತು! ಹಿಂದೆ ಕಾರ್ಬುರೇಟರಿನ ಗಾಡಿಯಲ್ಲಿ ರಾತ್ರಿ ಲೈಟ್ ಹಾಕಿದ ಕೂಡಲೇ ಇಂಜಿನಿನ ಶಬ್ದ ಒಂದಿಷ್ಟು ಕುಗ್ಗುತ್ತಿದ್ದದ್ದು ಹಲವರಿಗೆ ನೆನಪಿರಬಹುದು.

2000ದ ಆಚೀಚೆ ಹೊಗೆ ನಿಯಮಗಳು ಬಿಗಿಯಾಗಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದ ಮೇಲೆ ಚಿತ್ರ ಬದಲಾಯಿತು. ಈಗ ನಿಂತಲ್ಲಿ ಇಂಜಿನ್ ಎಷ್ಟು ವೇಗದಲ್ಲಿ ತಿರುಗಬೇಕು ಎಂದು ಹೇಳುವುದು ಸ್ಕ್ರೂ ಅಲ್ಲ, ಕಂಪ್ಯೂಟರ್. ಅದರ ಕೈಯಲ್ಲಿ ಒಂದು ಗಾಳಿಯ ಕಿಂಡಿ ಇದೆ. ಕೆಲವು ಗಾಡಿಗಳಲ್ಲಿ ಬೇರೆಯೇ ಐಡ್ಲಿಂಗ್ ವಾಲ್ವ್, ಹೊಸ ಗಾಡಿಗಳಲ್ಲಿ ತ್ರಾಟಲನ್ನೇ ಮೋಟರಿನಿಂದ ತೆರೆಯುವುದು. ಕಿಂಡಿ ಸ್ವಲ್ಪ ತೆರೆದರೆ ಹೆಚ್ಚು ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್, ಇಂಜಿನ್ ಏರುತ್ತದೆ.

ಈ ಕಂಪ್ಯೂಟರ್ ತನಗೆ ಬರುವ ವೋಲ್ಟೇಜನ್ನು ಸದಾ ನೋಡುತ್ತಾ ಇರುತ್ತದೆ. ನೋಡದೆ ನಿರ್ವಾಹ ಇಲ್ಲ. ವೋಲ್ಟೇಜ್ ಇಳಿದರೆ ಇಂಜೆಕ್ಟರ್ ತೆರೆಯುವುದು ತಡ, ಪೆಟ್ರೋಲ್ ಪಂಪು ನಿಧಾನ. ಲೋ ವೋಲ್ಟೇಜಿನಲ್ಲಿ ನಮ್ಮ ಪಂಪ್ ಸೆಟ್ ನರಳುವುದು ನಮಗೆ ಹೇಳಿಕೊಡಬೇಕಾಗಿಲ್ಲವಷ್ಟೆ. ಆದ್ದರಿಂದ ವೋಲ್ಟೇಜ್ ಇಳಿದಾಗ ಕಂಪ್ಯೂಟರ್ ಇಂಜೆಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತದೆ. ಅದರ ಜೊತೆಗೆ ಅನೇಕ ಗಾಡಿಗಳಲ್ಲಿ ಗಾಳಿ ಕಿಂಡಿ ತೆರೆದು ಐಡ್ಲಿಂಗನ್ನು 1,000, 1,200ಕ್ಕೆ ಏರಿಸುತ್ತದೆ, ಡೈನಮೋ ವೇಗವಾಗಿ ತಿರುಗಿ ಬ್ಯಾಟರಿ ತುಂಬಲಿ ಎಂದು. ತುಂಬಿತು ಎಂದು ಕಂಡ ಮೇಲೆ ಇಳಿಸುತ್ತದೆ. ಇಳಿಸಿದ ಕೂಡಲೇ ವೋಲ್ಟೇಜ್ ಮತ್ತೆ ಕುಸಿದರೆ ಮತ್ತೆ ಏರಿಸುತ್ತದೆ. ನನ್ನ ಕಾರು ಏರಿ ಇಳಿದು ಮಾಡುತ್ತಿದ್ದದ್ದು ಈ ಹಗ್ಗಜಗ್ಗಾಟ.

ಎಲ್ಲಾ ಗಾಡಿಯಲ್ಲೂ ಹೀಗೆ ಇದೆ ಎಂದಲ್ಲ. ಕೆಲವದರಲ್ಲಿ ಹೆಡ್‌ಲೈಟ್, ಬ್ಲೋವರಿನ ಸ್ವಿಚ್ಚಿನಿಂದ ಮಾತ್ರ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಹಾಗಿದ್ದರೆ ಲೈಟ್ ಹಾಕಿದಾಗ ಅಥವಾ ಎ.ಸಿ. ಹಾಕಿದಾಗ ಇಂಜಿನ್ ಸ್ವಲ್ಪ ಏರುವುದು ಸಹಜವೇ, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು, ನಿನ್ನೆವರೆಗೆ ಏರದ ಗಾಡಿ ಇವತ್ತು ಏರಿದರೆ, ಅಥವಾ ಏರಿ ಅಲ್ಲೇ ನಿಂತರೆ.

ಟ್ರ್ಯಾಕ್ಟರ್, ಟಿಲ್ಲರ್, ಹಳೆ ಡೀಸೆಲ್ ಜೀಪುಗಳಲ್ಲಿ ಡೀಸೆಲ್ ಪಂಪು ಮೆಕ್ಯಾನಿಕಲ್. ಅಲ್ಲಿ ಬ್ಯಾಟರಿಗೂ ಇಂಜಿನ್ ವೇಗಕ್ಕೂ ಮಾತುಕತೆ ಇಲ್ಲ. ಡೈನಮೋ ಸತ್ತರೆ ಗೊತ್ತಾಗುವುದು ಕೆಂಪು ದೀಪದಿಂದ ಅಥವಾ ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆಯದಾಗ. ಕಾಮನ್ ರೈಲ್ ಡೀಸೆಲ್ ಪಿಕಪ್‌ಗಳಲ್ಲಿ ಕಂಪ್ಯೂಟರ್ ಇರುವುದರಿಂದ ಪೆಟ್ರೋಲ್ ಕಾರಿನ ಹಾಗೇ ಆಗಬಹುದು.

ಕೆಂಪು ದೀಪ ಯಾಕೆ ಹೊತ್ತಲಿಲ್ಲ?

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಇದೆಯಲ್ಲ, ಅದು ಹೊತ್ತಿದ್ದರೆ ನಾನೇ ತಿಳಿದುಕೊಳ್ಳುತ್ತಿದ್ದೆ. ಹೊತ್ತಲೇ ಇಲ್ಲ. ಆ ದೀಪದ ಒಂದು ತುದಿ ಬ್ಯಾಟರಿ ಕಡೆಗೆ, ಇನ್ನೊಂದು ತುದಿ ಡೈನಮೋ ಕಡೆಗೆ. ಡೈನಮೋ ಪೂರಾ ಸತ್ತರೆ ಎರಡು ತುದಿಗೆ ವ್ಯತ್ಯಾಸ ಬಂದು ದೀಪ ಉರಿಯುತ್ತದೆ. ಅರ್ಧ ಸತ್ತ ಡೈನಮೋ ಏನೋ ಒಂದಿಷ್ಟು ಹುಟ್ಟಿಸುತ್ತಾ ಇರುವುದರಿಂದ ದೀಪಕ್ಕೆ ಗೊತ್ತೇ ಆಗುವುದಿಲ್ಲ. ಕೆಲವೊಮ್ಮೆ ಕತ್ತಲಲ್ಲಿ ನೋಡಿದರೆ ನಸುವಾಗಿ ಮಿನುಗುವುದು ಕಾಣುತ್ತದಂತೆ. ದೀಪ ಹೊತ್ತಿಲ್ಲ ಎಂದ ಮಾತ್ರಕ್ಕೆ ಚಾರ್ಜಿಂಗ್ ಸರಿ ಇದೆ ಎಂದು ನಂಬಬಾರದು.

ಹಾಗೆಯೇ ಕೀ ತಿರುಗಿಸಿದಾಗ, ಸ್ಟಾರ್ಟ್ ಆಗುವ ಮೊದಲು, ಆ ದೀಪ ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬೋ ವಯರೋ ಹೋಗಿದೆ. ಹಲವು ಡೈನಮೋಗಳಿಗೆ ಹುಟ್ಟಿಸಲು ಶುರುಮಾಡಲು ಬೇಕಾದ ಸಣ್ಣ ಕರೆಂಟು ಆ ದೀಪದ ಮೂಲಕವೇ ಹೋಗುವುದು.

ಮೀಟರ್ ಹಿಡಿದು ನೋಡುವುದು ಹೇಗೆ

ಮುನ್ನೂರು ನಾನ್ನೂರು ರೂಪಾಯಿಯ ಡಿಜಿಟಲ್ ಮೀಟರ್ ಸಾಕು. ಡಿ.ಸಿ. 20 ವೋಲ್ಟಿನಲ್ಲಿ ಇಟ್ಟು ಕೆಂಪನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಹಿಡಿಯಿರಿ. ವಯರಿನ ಕ್ಲಾಂಪಿಗೆ ಅಲ್ಲ, ಬ್ಯಾಟರಿಯ ಸೀಸದ ಗೂಟಕ್ಕೇ ಹಿಡಿಯಬೇಕು.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು 12.6 ಇದ್ದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಖಾಲಿಯೇ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ, ಒಂಬತ್ತೂವರೆಗಿಂತ ಕೆಳಗೆ ಇಳಿಯಬಾರದು. ಸ್ಟಾರ್ಟ್ ಆದ ಮೇಲೆ ಏನೂ ಹಾಕದೆ 13.8ರಿಂದ 14.5ರ ಒಳಗೆ ಇರಬೇಕು. ಈಗ ಲೈಟು, ಬ್ಲೋವರ್, ವೈಪರ್ ಎಲ್ಲಾ ಹಾಕಿ. ಸ್ವಲ್ಪ ಇಳಿಯುತ್ತದೆ, ಆದರೆ 13ರ ಮೇಲೆ ನಿಲ್ಲಬೇಕು. ಆಕ್ಸಿಲರೇಟರ್ ಒತ್ತಿ 2,000 ಸುತ್ತಿಗೆ ತಂದರೆ 14ರ ಹತ್ತಿರ ಮರಳಬೇಕು. ಮರಳದಿದ್ದರೆ ಡೈನಮೋದಲ್ಲೋ, ಬೆಲ್ಟಿನಲ್ಲೋ, ವಯರಿನಲ್ಲೋ ಖಂಡಿತ ದೋಷ ಇದೆ.

15ಕ್ಕಿಂತ ಮೇಲೆ ಹೋದರೆ ಅದು ಇನ್ನೊಂದು ರೋಗ. ರೆಗ್ಯುಲೇಟರ್ ಹೋಗಿ ಬ್ಯಾಟರಿ ಕುದಿಯುತ್ತಿದೆ ಎಂದರ್ಥ. ನೀರು ಬೇಗ ಇಳಿಯುವುದು, ಆಸಿಡ್ ವಾಸನೆ, ಬಲ್ಬುಗಳು ಒಂದರ ಹಿಂದೆ ಒಂದು ಸುಡುವುದು ಇದರ ಗುರುತು. ಹಾಗೇ ಓಡಿಸಬೇಡಿ.

ಮೊದಲು ಬೆಲ್ಟ್ ನೋಡಿ. ಸಡಿಲವಾಗಿದ್ದರೆ ಮಳೆಯಲ್ಲಿ, ಲೈಟ್ ಹಾಕಿದ ಕೂಡಲೇ ಕೀಂಯ್ ಎಂದು ಕೂಗುತ್ತದೆ. ಪುಲ್ಲಿಯ ಮೇಲೆ ಜಾರುವ ಬೆಲ್ಟು ಕನ್ನಡಿಯ ಹಾಗೆ ಹೊಳೆಯುತ್ತದೆ. ನನ್ನದು ಸ್ವಲ್ಪ ಸಡಿಲ ಇತ್ತು, ಬಿಗಿ ಮಾಡಿದೆವು. 12.2 ಇದ್ದದ್ದು 12.4 ಆಯಿತು, ಅಷ್ಟೇ.

ಆಮೇಲೆ ಅಣ್ಣ ಮೀಟರನ್ನು ಎ.ಸಿ.ಗೆ ತಿರುಗಿಸಿ ಬ್ಯಾಟರಿಗೇ ಹಿಡಿದರು. ಬ್ಯಾಟರಿಯಲ್ಲಿ ಎ.ಸಿ. ಎಲ್ಲಿಂದ ಎಂದು ನನಗೆ ನಗು ಬಂತು. ಡೈನಮೋದ ಒಳಗೆ ಹುಟ್ಟುವುದು ನಮ್ಮ ಪಂಪ್ ಸೆಟ್ಟಿನ ಹಾಗೆ ಮೂರು ಫೇಸಿನ ಎ.ಸಿ.ಯೇ. ಅದನ್ನು ಡಿ.ಸಿ. ಮಾಡುವುದು ಒಳಗಿನ ಆರು ಡಯೋಡುಗಳು, ಫೇಸಿಗೆ ಎರಡರಂತೆ. ಒಂದು ಡಯೋಡು ಕಡಿದರೆ ಒಂದು ಫೇಸ್ ಕುಂಟುತ್ತದೆ, ಕರೆಂಟು ಕಡಿಮೆಯಾಗುತ್ತದೆ, ಡಿ.ಸಿ. ಜೊತೆಗೆ ಎ.ಸಿ.ಯ ಅಲೆಯೂ ಬ್ಯಾಟರಿಗೆ ಬರುತ್ತದೆ. ಇಂಜಿನ್ ಓಡುವಾಗ, ಲೈಟ್ ಹಾಕಿದಾಗ, ಎ.ಸಿ. ಅಳತೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಡಯೋಡಿನ ಮೇಲೆ ಸಂಶಯ. ನಮ್ಮದು 1.1 ತೋರಿಸಿತು. ಒಂದು ಎಚ್ಚರಿಕೆ: ಕೆಲವು ಅಗ್ಗದ ಮೀಟರುಗಳು ಎ.ಸಿ.ಯಲ್ಲಿ ಇಟ್ಟರೆ ಡಿ.ಸಿ.ಯನ್ನೇ ತಪ್ಪಾಗಿ ಲೆಕ್ಕ ಹಾಕಿ 25, 28 ಎಂದು ತೋರಿಸುತ್ತವೆ, ವಯರು ಅದಲು ಬದಲು ಮಾಡಿದರೆ ಸೊನ್ನೆ ಎನ್ನುತ್ತವೆ. ಅಂಥ ಮೀಟರ್ ಈ ಪರೀಕ್ಷೆಗೆ ಆಗುವುದಿಲ್ಲ.

ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಡೈನಮೋ ಬಿಚ್ಚಿದಾಗ ಅಣ್ಣ ಹೇಳಿದ್ದೇ ನಿಜವಾಯಿತು. ಡಯೋಡು ಒಂದು ಕಡಿದಿತ್ತು. ಕಾರ್ಬನ್ ಬ್ರಷ್ ಎರಡೂ ಸವೆದು ಉಗುರಿನಷ್ಟು ಉಳಿದಿದ್ದವು. ಡಯೋಡ್ ಪ್ಲೇಟಿಗೆ 900, ಬ್ರಷ್ಷಿಗೆ 150, ಹೇಗೂ ಬಿಚ್ಚಿದ್ದೇವೆ ಎಂದು ಬೇರಿಂಗಿಗೆ 300, ಮಜೂರಿ 500. ಒಟ್ಟು 1,850. ಅದಕ್ಕೆ ಮೊದಲು ಬೇಡದ ಕೆಲಸಕ್ಕೆ ಹಾಕಿದ್ದು 3,400. ಕಂಪ್ಯೂಟರಿಗೆ ಹಾಕಲು ಹೊರಟ ಹದಿನೈದು ಸಾವಿರ ಉಳಿಯಿತು.

ಜೋಡಿಸಿದ ಮೇಲೂ ಎರಡು ದಿನ ಐಡ್ಲಿಂಗ್ ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಗುತ್ತಿತ್ತು. ಮತ್ತೆ ಹೋಯಿತಾ ಎಂದು ಹೊಟ್ಟೆಯಲ್ಲಿ ತಳಮಳ. ಬ್ಯಾಟರಿಯ ವಯರು ಕಳಚಿದರೆ ಕಂಪ್ಯೂಟರ್ ತಾನು ಕಲಿತದ್ದನ್ನು ಮರೆಯುತ್ತದಂತೆ. ಐವತ್ತು ಕಿಲೋಮೀಟರ್ ಓಡಿದ ಮೇಲೆ ತಾನಾಗಿ ಸರಿಯಾಯಿತು. ಹೊಸ ಬ್ಯಾಟರಿ ಹಾಕಿದವರಿಗೂ ಇದೇ ಅನುಭವ ಆಗಬಹುದು, ಕೂಡಲೇ ಗ್ಯಾರೇಜಿಗೆ ಓಡಬೇಡಿ.

ಬ್ಯಾಟರಿ ಸರಿ, ಡೈನಮೋ ಸರಿ, ಆದರೂ ಏರುತ್ತದೆ

ನನ್ನ ಕಥೆ ಕೇಳಿ ನೆರೆಕರೆಯ ಒಬ್ಬರು ಅವರ ಪಿಕಪ್ಪಿಗೆ ಮೀಟರ್ ಹಿಡಿದರು. ಅವರದ್ದೂ ರೇಸ್ ಆಗುತ್ತಿತ್ತು. ಬ್ಯಾಟರಿಯಲ್ಲಿ 14.1, ಬೆಣ್ಣೆಯಂಥ ಚಾರ್ಜಿಂಗ್. "ನಿಮ್ಮ ಮದ್ದು ನಮ್ಮ ರೋಗಕ್ಕಲ್ಲ" ಎಂದು ನಕ್ಕರು. ಅಣ್ಣ ಬಿಡಲಿಲ್ಲ. ಕಂಪ್ಯೂಟರಿಗೆ ಹೋಗುವ ಪ್ಲಗ್ಗಿನ ಹಿಂದಿನಿಂದ ಸೂಜಿ ತೂರಿಸಿ ಅಳೆದರು. ಅಲ್ಲಿ 12.4.

ಬ್ಯಾಟರಿಯಲ್ಲಿ 14 ಇದ್ದದ್ದು ಕಂಪ್ಯೂಟರಿಗೆ ಮುಟ್ಟುವಾಗ 12.4 ಆದದ್ದು ಹೇಗೆ? ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ವೋಲ್ಟೇಜ್ ಸರಿ ಇದ್ದು ಲೈನಿನ ಕೊನೆಯ ಮನೆಯಲ್ಲಿ ಬಲ್ಬ್ ಕೆಂಪಗೆ ಉರಿಯುವುದಿಲ್ಲವೇ, ಹಾಗೆ. ಕಂಪ್ಯೂಟರಿನ ಅರ್ತ್ ವಯರು ಬಾಡಿಗೆ ಬೋಲ್ಟ್ ಆಗುವ ಜಾಗ ತುಕ್ಕು ಹಿಡಿದು ಹುಡಿಯಾಗಿತ್ತು. ಗೊಬ್ಬರ ಸಾಗಿಸುವ ಗಾಡಿ, ಪ್ರತಿ ಸಲ ಪ್ರೆಶರಿನಲ್ಲಿ ನೀರು ಹಾರಿಸಿ ತೊಳೆಯುತ್ತಿದ್ದರು. ಕಂಪ್ಯೂಟರ್ ನೋಡುವುದು ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು ಮಾತ್ರ. ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಅದಕ್ಕೆ ಬರ ಬಂದ ಹಾಗೆ ಕಂಡಿತು, ಇಂಜಿನ್ ಏರಿಸಿತು. ಮರಳು ಕಾಗದದಲ್ಲಿ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದರು. ಖರ್ಚು ಒಂದು ಮರಳು ಕಾಗದ.

ಅರ್ತ್ ಕೆಟ್ಟರೆ ಇನ್ನೊಂದು ತೊಂದರೆಯೂ ಉಂಟು. ಇಂಜಿನಿನ ಬಿಸಿ ಅಳೆಯುವ ಸೆನ್ಸರಿನ ಲೆಕ್ಕ ತಪ್ಪಬಹುದು. ಬಿಸಿಯಾದ ಇಂಜಿನ್ ತಣ್ಣಗಿದೆ ಎಂದು ಕಂಪ್ಯೂಟರಿಗೆ ಕಂಡರೆ, ಚಳಿಗಾಲದ ಬೆಳಿಗ್ಗೆ ಮಾಡುವ ಹಾಗೆ ಐಡ್ಲಿಂಗ್ ಏರಿಸಿ ಇಡುತ್ತದೆ.

ಅರ್ತ್ ಪರೀಕ್ಷೆ ಸುಲಭ. ಇಂಜಿನ್ ಓಡುತ್ತಿರಲಿ, ಲೈಟು ಬ್ಲೋವರ್ ಹಾಕಿರಲಿ. ಮೀಟರಿನ ಒಂದು ವಯರು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನಿನ ಬರಿ ಲೋಹಕ್ಕೆ, ಆಮೇಲೆ ಬಾಡಿಯ ಲೋಹಕ್ಕೆ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ನಡುವಿನ ಯಾವುದೋ ಬೋಲ್ಟ್ ಕೆಟ್ಟಿದೆ. ಪ್ಲಸ್ ಕಡೆಯೂ ಹೀಗೆಯೇ, ಡೈನಮೋದ ದಪ್ಪ ವಯರಿನ ಬೋಲ್ಟಿನಿಂದ ಬ್ಯಾಟರಿಯ ಪ್ಲಸ್ಸಿಗೆ. ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ಕಾಲ ಶೆಡ್ಡಿನಲ್ಲಿ ಹೆಗ್ಗಣ. ವಯರು ಕಡಿದಿದೆಯೇ ಎಂದು ನೋಡುವಾಗ ಪ್ಲಾಸ್ಟಿಕ್ ಪೈಪಿನ ಒಳಗೂ ಇಣುಕಿ.

ವೋಲ್ಟೇಜ್ ಎಲ್ಲಾ ಕಡೆ 14 ಇದ್ದು, ಲೈಟು ಬಂದ್ ಮಾಡಿದರೂ ಇಂಜಿನ್ ಇಳಿಯದಿದ್ದರೆ ಮಾತ್ರ ಗ್ಯಾರೇಜಿನವರು ಹೇಳುವ ಕಡೆ ಹೋಗಿ: ಆಕ್ಸಿಲರೇಟರ್ ಕೇಬಲ್ ಹಿಡಿದಿರುವುದು, ರಬ್ಬರ್ ಪೈಪು ಒಡೆದು ಕಳ್ಳ ಗಾಳಿ ಎಳೆಯುವುದು, ಐಡ್ಲಿಂಗ್ ವಾಲ್ವಿನಲ್ಲಿ ಕರಿ, ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಸೆನ್ಸರಿಗೆ ಮುಟ್ಟದಿರುವುದು.

ಎರಡು ತಪ್ಪು ಕೆಲಸ

ಬ್ಯಾಟರಿ ಖಾಲಿ ಎಂದ ಕೂಡಲೇ ಹೊಸ ಬ್ಯಾಟರಿ ತರುವುದು. ಡೈನಮೋ ಕೆಟ್ಟಿದ್ದರೆ ಹೊಸತೂ ವಾರದಲ್ಲಿ ಮಲಗುತ್ತದೆ. ತಿರುಗಿಯೂ ಹೇಳಬೇಕು: ಒಂದು ಸೆಲ್ ಸತ್ತ ಹಳೆ ಬ್ಯಾಟರಿಯನ್ನು ಇನ್ನೊಂದು ಮಳೆಗಾಲ ನೂಕುವ ಎಂದು ಇಟ್ಟುಕೊಂಡರೆ, ತುಂಬದ ಅದನ್ನು ತುಂಬಿಸಿ ತುಂಬಿಸಿ ಡೈನಮೋ ಬಿಸಿಯಾಗಿ ಸುಡಬಹುದು. ಬ್ಯಾಟರಿಯನ್ನು ಹೊರಗೆ ಪೂರ್ತಿ ಚಾರ್ಜ್ ಮಾಡಿಸಿ ಒಂದು ರಾತ್ರಿ ಬಿಟ್ಟು ಅಳೆಯಿರಿ, 10.5ರ ಆಸುಪಾಸಿಗೆ ಇಳಿದಿದ್ದರೆ ಒಂದು ಸೆಲ್ ಹೋಗಿದೆ.

ಇನ್ನೊಂದು, ಇಂಜಿನ್ ಓಡುವಾಗ ಬ್ಯಾಟರಿಯ ವಯರು ಎಳೆದು ನೋಡುವುದು. "ವಯರು ತೆಗೆದರೂ ಓಡಿದರೆ ಡೈನಮೋ ಸರಿ" ಎಂದು ಹಿಂದಿನವರು ಪರೀಕ್ಷೆ ಮಾಡುತ್ತಿದ್ದರು, ನಾನೂ ಜೀಪಿನಲ್ಲಿ ಮಾಡಿದ್ದೇನೆ. ಈಗಿನ ಗಾಡಿಗಳಲ್ಲಿ ಖಂಡಿತ ಬೇಡ. ಬ್ಯಾಟರಿ ಎಂಬುದು ಅಲೆಯನ್ನು ತಡೆಯುವ ಕೆರೆಯ ಹಾಗೆ. ಅದನ್ನು ಓಡುವಾಗ ತೆಗೆದರೆ ವೋಲ್ಟೇಜ್ ಒಂದು ಕ್ಷಣ ಹಲವು ಪಾಲು ನೆಗೆದು ಕಂಪ್ಯೂಟರ್ ಸುಡಬಹುದು. ಆಗ ಹದಿನೈದು ಸಾವಿರದ ಮಾತು ನಿಜವೇ ಆಗುತ್ತದೆ. ನನ್ನ ಮೂರನೇ ಗ್ಯಾರೇಜಿನ ಹುಡುಗ ಇದನ್ನು ಮಾಡಲು ಕೈ ಹಾಕಿದ್ದ, ಸ್ಪ್ಯಾನರ್ ಸಿಗದ ಕಾರಣ ಬಿಟ್ಟ.

ಈಗ ಮೀಟರ್ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇದೆ. ಸಂಕ್ರಮಣಕ್ಕೊಮ್ಮೆ ಲೈಟು ಬ್ಲೋವರ್ ಹಾಕಿ ಅಳೆದು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಅದನ್ನೂ ಬರೆದಿಡುತ್ತೇನೆ. ಕಳೆದ ಸಲ 13.6 ಇತ್ತು.